ಮರಿಮೀನಿನ ಚಿಪ್ ಎಷ್ಟು ದೊಡ್ಡದಿರಬೇಕು?

ಉಳ್ಳಾಲದ ಓದುಗರೊಬ್ಬರ ಪತ್ರ: "ಉತ್ತರ ಅಮೆರಿಕದ ಕೊಲಂಬಿಯಾ ನದಿಯಲ್ಲಿ ಎಷ್ಟು ಸಾಲ್ಮನ್ ಮರಿ ಬದುಕುತ್ತವೆ ಎಂದು ತಿಳಿಯಲು ಅವುಗಳಿಗೆ ಚಿಪ್ ಹಾಕುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. 8 ಮಿ.ಮೀ. ಚಿಪ್ ಸಿಗುವಾಗ 12 ಮಿ.ಮೀ.ನದ್ದು ಯಾಕೆ ಹಾಕುತ್ತಾರೆ? ಮರಿಗೆ ಹಿಂಸೆ ಅಲ್ವಾ? ಬಿಟ್ಟವುಗಳಲ್ಲಿ ಸ್ವಲ್ಪವೇ ಪತ್ತೆಯಾದರೆ ಉಳಿದದ್ದು ಸತ್ತ ಹಾಗೆಯೇ? ನಮ್ಮ ನೇತ್ರಾವತಿಯಲ್ಲೂ ಇದನ್ನು ಮಾಡಬಹುದಾ?"

ಸಂಪಾದಕರ ಉತ್ತರ:

ನಿಮ್ಮ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಆದರೆ ಚಿಪ್ ಕೆಲಸ ಮಾಡುವ ರೀತಿ ಗೊತ್ತಾಗದೆ ಅದಕ್ಕೆ ಉತ್ತರ ಹೇಳುವುದು ಕಷ್ಟ.

ನಾವು ಚಿಪ್ ಎಂದು ಕರೆಯುತ್ತಿರುವುದರ ಹೆಸರು ಪಿಟ್ ಟ್ಯಾಗ್. ಅದು ಒಂದು ಪುಟ್ಟ ಗಾಜಿನ ಕೊಳವೆ. ಒಳಗೆ ತಂತಿಯ ಸುರುಳಿ, ಒಂದು ಚಿಪ್. ಬ್ಯಾಟರಿ ಇಲ್ಲ. ಹೆಜಮಾಡಿ ಟೋಲಿನಲ್ಲಿ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೂ ಬ್ಯಾಟರಿ ಇಲ್ಲ ಅಲ್ವಾ, ಹಾಗೆಯೇ. ನೀರಲ್ಲಿ ಇಟ್ಟ ಆಂಟೆನಾದ ಹತ್ತಿರ ಮೀನು ಬಂದಾಗ, ಆಂಟೆನಾದ ಕಾಂತಕ್ಷೇತ್ರದಿಂದಲೇ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಆಗ ಚಿಪ್ ತನ್ನ ನಂಬರ್ ಹೇಳುತ್ತದೆ. ಬ್ಯಾಟರಿ ಮುಗಿಯುವ ಚಿಂತೆ ಇಲ್ಲದ್ದರಿಂದ, ಸಮುದ್ರಕ್ಕೆ ಹೋದ ಮರಿ ವರ್ಷಗಳ ನಂತರ ದೊಡ್ಡದಾಗಿ ನದಿಗೆ ವಾಪಸ್ ಬಂದಾಗಲೂ ಅದೇ ನಂಬರ್ ಸಿಗುತ್ತದೆ.

ಸುರುಳಿ ಸಣ್ಣದಾದಷ್ಟೂ ಅದು ಹಿಡಿಯುವ ಶಕ್ತಿ ಕಡಿಮೆ. ಮೇಲಾಗಿ, ಆಂಟೆನಾದಿಂದ ದೂರ ಹೋದ ಹಾಗೆ ಕಾಂತಕ್ಷೇತ್ರ ಬಹಳ ಬೇಗ ಕುಗ್ಗುತ್ತದೆ. ಸ್ವಲ್ಪ ದೂರದ ಮೇಲೆ, ಅಂತರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 23 ಮಿ.ಮೀ. ಚಿಪ್ ಸುಲಭವಾಗಿ ಸಿಗುವ ದೂರದಲ್ಲಿ 12 ಮಿ.ಮೀ.ನದ್ದು ತಪ್ಪಿಸಿಕೊಳ್ಳಬಹುದು. 8 ಮಿ.ಮೀ.ನದ್ದು ಇನ್ನೂ ಹತ್ತಿರ ಬರಬೇಕು. ಮೀನು ಅಡ್ಡಡ್ಡ ತಿರುಗಿ ಹೋದರೂ ಸಿಗದು. ಎರಡು ಮೀನು ಒಟ್ಟಿಗೆ ಹಾದರೆ ಎರಡೂ ನಂಬರ್ ಕಲಸಿಹೋಗಬಹುದು.

ಹಾಗಂತ ಎಲ್ಲಕ್ಕೂ ದೊಡ್ಡ ಚಿಪ್ ಹಾಕಲಾಗದು. 12 ಮಿ.ಮೀ. ಚಿಪ್ ಸುಮಾರು 0.1 ಗ್ರಾಂ ತೂಗಿದರೆ 23 ಮಿ.ಮೀ.ನದ್ದು ಸುಮಾರು 0.6 ಗ್ರಾಂ. ಮೂರು ಗ್ರಾಂ ತೂಕದ ಮರಿಯ ಹೊಟ್ಟೆಗೆ 0.6 ಗ್ರಾಂ ತುರುಕುವುದು ಕ್ರೌರ್ಯವೇ ಸರಿ. ಅದರ ಈಜೂ ಕೆಡುತ್ತದೆ, ಆಮೇಲೆ ಸಿಗುವ ಲೆಕ್ಕವೂ ಕೆಡುತ್ತದೆ. ಆದ್ದರಿಂದ 12 ಮಿ.ಮೀ. ಚಿಪ್ ಅನ್ನು ಸಾಮಾನ್ಯವಾಗಿ ಸುಮಾರು 65 ಮಿ.ಮೀ.ಗಿಂತ ಉದ್ದದ ಮರಿಗಳಿಗೆ ಹಾಕುತ್ತಾರೆ. ಅದಕ್ಕಿಂತ ಪುಟ್ಟವನ್ನೂ ಲೆಕ್ಕಕ್ಕೆ ತರಬೇಕೆಂದೇ 8–9 ಮಿ.ಮೀ.ನವು ಬಂದದ್ದು. ಹಿಂಸೆಯ ಬಗ್ಗೆ ನಿಮ್ಮ ಕಾಳಜಿ ಸರಿಯಾಗಿಯೇ ಇದೆ. ಆದರೆ 12ರ ಚಿಪ್ ಹೊರಬಲ್ಲ ಮರಿಗೆ ಸುಮ್ನೆ 8ರದ್ದು ಹಾಕಿದರೆ, ಸೂಜಿ ಚುಚ್ಚಿಸಿಕೊಂಡ ಆ ಮರಿ ಯಾರ ಕಣ್ಣಿಗೂ ಬೀಳದೆ ಹೋಗುವ ಸಾಧ್ಯತೆ ಜಾಸ್ತಿ.

ಈಗ ಸತ್ತವೋ ಎಂಬ ಪ್ರಶ್ನೆ. ಖಂಡಿತ ಹಾಗಲ್ಲ. ಲೆಕ್ಕ ತಿಳಿಯಲೆಂದು ಸುಲಭದ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. 1000 ಮರಿ ಬಿಟ್ಟೆವು. ಮೊದಲ ಆಂಟೆನಾದಲ್ಲಿ ಸಿಕ್ಕಿದ್ದು 200. ಇನ್ನೂ ಕೆಳಗೆ, ಎರಡನೆಯದರಲ್ಲಿ ಸಿಕ್ಕಿದ್ದು 100. ಈ ನೂರೂ ಮೊದಲ ಜಾಗವನ್ನು ಜೀವಂತವಾಗಿ ದಾಟಿ ಬಂದವೇ, ಅನುಮಾನವಿಲ್ಲ. ಆದರೆ ಅವುಗಳಲ್ಲಿ 40 ಮಾತ್ರ ಅಲ್ಲಿ ದಾಖಲಾಗಿವೆ. ಅಂದರೆ ಮೊದಲ ಆಂಟೆನಾ ದಾಟಿದ ನೂರರಲ್ಲಿ 40ನ್ನಷ್ಟೇ ಕಾಣುತ್ತದೆ. ಹಾಗಾದರೆ 200 ಕಂಡಿದ್ದಕ್ಕೆ ನಿಜವಾಗಿ ದಾಟಿದ್ದು ಸುಮಾರು 500. ಬದುಕಿದ್ದು ನೂರಕ್ಕೆ 20 ಅಲ್ಲ, 50! ಈ ಯೋಚನೆಯನ್ನು 1964–65ರಲ್ಲಿ ಕಾರ್ಮ್ಯಾಕ್, ಜಾಲಿ, ಸೀಬರ್ ಎಂಬ ಮೂವರು ಗಣಿತದಲ್ಲಿ ಗಟ್ಟಿ ಮಾಡಿದರು. ಇವತ್ತಿಗೂ ಅದರ ಮೇಲೆಯೇ ಕೆಲಸ ನಡೆಯುತ್ತದೆ. ಒಂದು ಮಿತಿ ಇದೆ: ಕಟ್ಟಕಡೆಯ ಆಂಟೆನಾದ ಕೆಳಗೆ ಬೇರೆ ಸಾಕ್ಷಿ ಇಲ್ಲ. ಅಲ್ಲಿ ಸಿಗದ ಮೀನು ಸತ್ತಿತೋ, ಬರೀ ಕಾಣಲಿಲ್ಲವೋ ಎಂದು ಬೇರ್ಪಡಿಸಲಾಗದು.

ಚಿಪ್‌ನ ಗಾತ್ರ ಎಡವಟ್ಟು ಮಾಡುವುದು ಇಲ್ಲೇ. ಪುಟ್ಟ ಮರಿಗೆ 8ರ ಚಿಪ್, ದೊಡ್ಡದಕ್ಕೆ 12ರದ್ದು ಹಾಕಿ, ಸಿಕ್ಕಿದ್ದನ್ನು ಬರೀ ಎಣಿಸಿ ಹೋಲಿಸಿದರೆ ಪುಟ್ಟವೇ ಜಾಸ್ತಿ ಸತ್ತ ಹಾಗೆ ಕಾಣುತ್ತದೆ. ಅವು ಸತ್ತಿರಲಿಕ್ಕಿಲ್ಲ, ಚಿಪ್ ಓದಲಾಗದೆ ಹೋಗಿರಬಹುದು. ಆದ್ದರಿಂದ ಯಾವ ಗಾತ್ರದ ಚಿಪ್ ಎಷ್ಟು ಸಿಗುತ್ತದೆ ಎಂದು ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು. ಅಣೆಕಟ್ಟಿನಿಂದ ಮರಿಗಳಿಗೆ ಎಷ್ಟು ಪೆಟ್ಟು ಎಂದು ತೀರ್ಮಾನಿಸುವಾಗ ಇದನ್ನು ಬಿಟ್ಟರೆ ನದಿಗೇ ಅನ್ಯಾಯ.

ನೇತ್ರಾವತಿಯ ವಿಷಯ. ತುಂಬೆ ವೆಂಟೆಡ್ ಡ್ಯಾಂನಂಥ ಕಡೆ ಮೀನು ಹಾಯಲು ಕಿರಿದಾದ ಹಾದಿ ಮಾಡಿಕೊಟ್ಟರೆ, ಅಲ್ಲಿ ಪಿಟ್ ಆಂಟೆನಾ ಚೆನ್ನಾಗಿ ಕೆಲಸ ಮಾಡೀತು. ಅಳಿವೆಯಲ್ಲಿ ಕಷ್ಟ. ಅಲ್ಲಿ ಅಗಲವೂ ಜಾಸ್ತಿ, ಉಪ್ಪುನೀರು ಸಂಕೇತವನ್ನೂ ಕುಗ್ಗಿಸುತ್ತದೆ. ಅಲ್ಲಿಗೆ ಶಬ್ದ ಹೊರಡಿಸುವ ಟ್ಯಾಗ್ ಬೇಕು. ಅದಕ್ಕೆ ಬ್ಯಾಟರಿ ಇರುತ್ತದೆ. ಟ್ಯಾಗ್ ಸಣ್ಣದಾದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ, ಇಲ್ಲವೇ ಶಬ್ದದ ನಡುವಿನ ಅಂತರ ಹೆಚ್ಚಿಸಬೇಕಾಗುತ್ತದೆ. ಅಷ್ಟರಲ್ಲಿ ಮೀನು ದಾಟಿ ಹೋಗಬಹುದು. ಮಳೆಗಾಲದ ಅಬ್ಬರದಲ್ಲಿ ಅದನ್ನು ಕೇಳಿಸಿಕೊಳ್ಳುವುದೂ ಸುಲಭವಲ್ಲ.

ನಮ್ಮಲ್ಲಿ ಯಾವ ಮರಿಗೆ ಯಾವ ಚಿಪ್ ಎಂದು ಯೋಚಿಸಲು ಮೊದಲು ಬೇಕಾದದ್ದು ಮರಿಗಳ ಉದ್ದ. ನಿಮ್ಮ ಕಡೆ ಹೊಳೆಯ ಬಲೆಗೆ ಬೀಳುವ ಕಾಣೆ ಮರಿಗಳನ್ನು ಸ್ಕೇಲಿನ ಮೇಲಿಟ್ಟು ಅಳೆದು, ತಕ್ಷಣ ನೀರಿಗೆ ಬಿಟ್ಟುಬಿಡಿ. ಉದ್ದ, ತಿಂಗಳು, ಜಾಗ ಮೂರನ್ನೂ ಬರೆದು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.