ಶಿಕ್ಷಕರ ಪ್ರಶ್ನೆ, ನಮ್ಮ ಉತ್ತರ: ಐವತ್ತು ಗಂಟೆಗಳ ಲೆಕ್ಕ

ಆನ್‌ಲೈನ್ ತರಬೇತಿಗಳ ಕುರಿತು ಮುಂಬಯಿ, ಪುಣೆ, ಗೋವೆಗಳ ಶಿಕ್ಷಕರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ವರ್ಷಕ್ಕೆ ಐವತ್ತು ಗಂಟೆ ತರಬೇತಿ ಆಗಲೇಬೇಕು ಎನ್ನುತ್ತಾರೆ. ತರಬೇತಿಗಳೆಲ್ಲ ಮರಾಠಿಯಲ್ಲಿ, ನನ್ನ ಪಾಠ ಕನ್ನಡದಲ್ಲಿ. ದೀಕ್ಷಾ ಆ್ಯಪಿನಲ್ಲಿ ಕರ್ನಾಟಕದ ಕನ್ನಡ ಕೋರ್ಸುಗಳು ಕಾಣಿಸುತ್ತವೆ. ಅವನ್ನು ಮಾಡಿದರೆ ನನ್ನ ಲೆಕ್ಕಕ್ಕೆ ಬರುತ್ತದೆಯೇ? — ಶಿಕ್ಷಕಿ, ಕುರ್ಲಾ, ಮುಂಬಯಿ

ಉತ್ತರ: ಐವತ್ತು ಗಂಟೆಯ ಮಾತು ಬಂದಿರುವುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿಯ ಕಲಿಕೆಗೆ ಕೊಡಬೇಕೆಂದು ಅದು ನಿರೀಕ್ಷಿಸುತ್ತದೆ. ಆ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಿ ನಡೆಯಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತದೆ. ಸುತ್ತೋಲೆಗಳು ಶಾಲೆಗೆ ತಲುಪುವ ಹೊತ್ತಿಗೆ ಮೊದಲ ಅರ್ಧ ಉಳಿದು ಎರಡನೆಯ ಅರ್ಧ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿರುತ್ತದೆ ಎಂಬುದು ನನ್ನ ದೂರು.

ನಿಮ್ಮ ಪ್ರಶ್ನೆಯಲ್ಲಿ ಎರಡು ಲೆಕ್ಕಗಳು ಬೆರೆತುಕೊಂಡಿವೆ: ಒಂದು ದಾಖಲೆಯ ಲೆಕ್ಕ, ಇನ್ನೊಂದು ಕಲಿಕೆಯ ಲೆಕ್ಕ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ತೊಡಕು ಬಹಳಷ್ಟು ಬಿಡುತ್ತದೆ.

ದಾಖಲೆಗೆ ಸಂಬಂಧಿಸಿದಂತೆ ನೀವು ಮಹಾರಾಷ್ಟ್ರದ ಶಿಕ್ಷಕಿ. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ದೇಶಕ್ಕೆಲ್ಲ ಒಂದೇ ವೇದಿಕೆಯಾದರೂ ಅದರೊಳಗೆ ರಾಜ್ಯಗಳು ತಮ್ಮ ತಮ್ಮ ಕೋರ್ಸುಗಳನ್ನು ನಡೆಸುತ್ತವೆ. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಹುಟ್ಟಿದ, ಕೇಂದ್ರ ಸರ್ಕಾರದ ಶಿಕ್ಷಕ ತರಬೇತಿಯ ನಿಷ್ಠಾ ಕಾರ್ಯಕ್ರಮವು ಕೊರೋನಾ ಕಾಲದಲ್ಲಿ, 2020ರ ಅಕ್ಟೋಬರಿನಿಂದ, ದೀಕ್ಷಾದ ಮೇಲೆ ಬಂದಾಗಲೂ ರಾಜ್ಯವಾರು, ಭಾಷಾವಾರು ಆವೃತ್ತಿಗಳಲ್ಲೇ ಬಂದಿತು. ಆದ್ದರಿಂದ ಪ್ರೊಫೈಲಿನಲ್ಲಿ ರಾಜ್ಯ ಮಹಾರಾಷ್ಟ್ರವೆಂದೇ ಇರಲಿ. ಶಾಲೆಯನ್ನು ಗುರುತಿಸುವ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ 27ರಿಂದ ಆರಂಭವಾಗಿದೆಯೇ ನೋಡಿಕೊಳ್ಳಿ. 29 ಇದ್ದರೆ ಅದು ಕರ್ನಾಟಕದ್ದು, 30 ಇದ್ದರೆ ಗೋವೆಯದು. ಹೆಸರು ಸೇವಾ ಪುಸ್ತಕದಲ್ಲಿ ಇರುವಂತೆಯೇ ಇರಲಿ, ಏಕೆಂದರೆ ಪ್ರಮಾಣಪತ್ರದ ಮೇಲೆ ಮೂಡುವುದು ಪ್ರೊಫೈಲಿನ ಹೆಸರು. ತವರಿನ ಅಡ್ಡಹೆಸರು, ಗಂಡನ ಮನೆಯ ಅಡ್ಡಹೆಸರುಗಳ ಗೊಂದಲದಲ್ಲಿ ಸಿಕ್ಕಿ ಒದ್ದಾಡಿದ ಸಹೋದ್ಯೋಗಿಗಳು ನನಗೆ ಗೊತ್ತು. ನಿಷ್ಠಾ ಕೋರ್ಸುಗಳಲ್ಲಿ ಕೊನೆಯ ಮೌಲ್ಯಮಾಪನಕ್ಕೆ ಮೂರು ಅವಕಾಶಗಳಿದ್ದವು, ಪ್ರಮಾಣಪತ್ರಕ್ಕೆ ನೂರಕ್ಕೆ 70 ಅಂಕಗಳು ಬೇಕಾಗಿದ್ದವು. ಮೊದಲ ಅವಕಾಶವನ್ನು ‘ಸುಮ್ಮನೆ ನೋಡೋಣ’ ಎಂದು ಕಳೆದುಕೊಳ್ಳಬೇಡಿ. ಕರ್ನಾಟಕದ ಕೋರ್ಸನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬುದನ್ನು ಕೋರ್ಸು ಸೇರುವ ಮೊದಲೇ ನಿಮ್ಮ ಕೇಂದ್ರ ಪ್ರಮುಖರಲ್ಲಿ (ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಅಧಿಕಾರಿಯಲ್ಲಿ) ಲಿಖಿತವಾಗಿ ಕೇಳಿಕೊಳ್ಳುವುದು ಕ್ಷೇಮ.

ಕಲಿಕೆಗೆ ಬಂದರೆ ಮಾತು ಬೇರೆ. ಹಿಂದೊಮ್ಮೆ ನಾನು ಕುಳಿತಿದ್ದ ಒಂದು ತರಬೇತಿಯಲ್ಲಿ ಎರಡು ಗಂಟೆ ಕಾಲ ಸಂಖ್ಯೆಗಳ ಓದಿನ ಚರ್ಚೆ ನಡೆಯಿತು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು ಎರಡನೆಯ ತರಗತಿಯ ಗಣಿತದಲ್ಲಿ 21ಕ್ಕೆ ‘ಏಕ್‌ವೀಸ್’ ಜೊತೆಗೆ ‘ವೀಸ್ ಏಕ್’ ಎಂಬ ಓದನ್ನು ತಂದಾಗ ಎದ್ದ ಗದ್ದಲ ಮಹಾರಾಷ್ಟ್ರದಲ್ಲಿದ್ದವರಿಗೆ ನೆನಪಿರಬೇಕು. ಬರೆಯುವಾಗ ಮೊದಲು ಎರಡು, ಹೇಳುವಾಗ ಮೊದಲು ಒಂದು ಎಂಬುದು ಮರಾಠಿ ಮಗುವಿನ ನಿಜವಾದ ಕಷ್ಟ. ಕನ್ನಡದ ಮಗುವಿಗೆ ಆ ಕಷ್ಟವೇ ಇಲ್ಲ. ‘ಇಪ್ಪತ್ತೊಂದು’ ಎಂಬಲ್ಲಿ ಇಪ್ಪತ್ತು ಮುಂದೆ, ಒಂದು ಹಿಂದೆ, ಬರವಣಿಗೆಯ ಕ್ರಮದಲ್ಲೇ ನಿಂತಿವೆ. ನಮ್ಮ ಮಗು ಎಡವುವುದು ಒತ್ತಕ್ಷರದಲ್ಲಿ: ‘ಅಕ್ಕ’ದ ಒತ್ತು ತನ್ನ ಅಕ್ಷರವನ್ನು ಹೋಲುತ್ತದೆ, ಆದರೆ ತ, ನ, ಮ, ಯ, ರ, ಲಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರ ಕೊನೆಗೆ ಅರ್ಕಾವತ್ತಾಗಿ ಕೂರುತ್ತದೆ. ಇದರ ಬಗ್ಗೆ ಮರಾಠಿಯ ತರಬೇತಿ ಏನು ಹೇಳಲು ಸಾಧ್ಯ? ಗಣಿತದಲ್ಲಿಯೂ ಅಲ್ಲಿ ಲಸಾವಿ, ಮಸಾವಿ, ಅಪೂರ್ಣಾಂಕ ಎಂದು ಕೇಳಿದ್ದನ್ನು ಇಲ್ಲಿ ಲಸಾಅ, ಮಸಾಅ, ಭಿನ್ನರಾಶಿ ಎಂದು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತ ಕೂರಬೇಕು.

ಆದ್ದರಿಂದ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದ ಕೋರ್ಸು, ಓದು-ಬರಹ ಕಲಿಸುವ ವಿಧಾನಕ್ಕೆ ಕರ್ನಾಟಕದ ಕನ್ನಡ ಸಾಮಗ್ರಿ ಎಂದು ಹಂಚಿಕೊಳ್ಳಿ. ಬುನಾದಿ ಅಕ್ಷರ ಮತ್ತು ಸಂಖ್ಯಾ ಜ್ಞಾನಕ್ಕಾಗಿ ಬಂದ ನಿಷ್ಠಾದ ಮೂರನೆಯ ಹಂತದಲ್ಲಿ ಹನ್ನೆರಡು ಕೋರ್ಸುಗಳಿವೆ; ಅದರಲ್ಲಿ ಬಹುಭಾಷಾ ಶಿಕ್ಷಣದ ಕೋರ್ಸನ್ನು ಮೊದಲು ಹಿಡಿಯಿರಿ ಎಂದು ನನ್ನ ಸಲಹೆ. ಮನೆಯಲ್ಲಿ ಲಂಬಾಣಿ ಅಥವಾ ಕಲಬುರಗಿಯ ಕನ್ನಡ, ಚಾಳಿನ ಅಂಗಳದಲ್ಲಿ ಬಂಬಯ್ಯಾ ಹಿಂದಿ, ಪುಸ್ತಕದಲ್ಲಿ ಗ್ರಂಥಸ್ಥ ಕನ್ನಡ ಎಂಬ ನಮ್ಮ ಮಕ್ಕಳ ಸ್ಥಿತಿಗೆ ಅದು ನೇರವಾಗಿ ತಾಗುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಕರ್ನಾಟಕದ ಶಿಕ್ಷಣ ಇಲಾಖೆಯ ಜೊತೆಗೂಡಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಕನ್ನಡದಲ್ಲಿದೆ. ಶಿಕ್ಷಕರೇ ಬರೆದು, ತಿದ್ದಿ ಬೆಳೆಸಿದ ಕಾರಣ ಅದರಲ್ಲಿ ತರಗತಿಯ ವಾಸನೆ ಇದೆ. ಬಾಲಭಾರತಿಯ ಕನ್ನಡ ಪುಸ್ತಕಗಳೂ ಕರ್ನಾಟಕದ ಪಠ್ಯಗಳೂ ಪಾಠಕ್ಕೆ ಪಾಠ ಹೊಂದುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಸಿಬಿಎಸ್‌ಇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ‘ಮೂರೇ ದಿನಗಳಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ’ ಎಂಬ ಜಾಹೀರಾತುಗಳು ವಾಟ್ಸಾಪಿನಲ್ಲಿ ಎಡೆಬಿಡದೆ ಬರುತ್ತವೆ. ಹಣ ಕೊಟ್ಟು ಮಾಡಬಹುದೇ? — ಶಿಕ್ಷಕ, ಚಿಂಚವಡ, ಪುಣೆ

ಉತ್ತರ: ಬೇಡ. ಸಿಬಿಎಸ್‌ಇಯ ನಿಯಮದಲ್ಲಿ 50 ಗಂಟೆಗಳ ಪೈಕಿ 25 ಗಂಟೆ ಮಂಡಳಿಯ ಅಥವಾ ಸರ್ಕಾರಿ ತರಬೇತಿ ಸಂಸ್ಥೆಗಳ ಮೂಲಕ, ಉಳಿದ 25 ಗಂಟೆ ಶಾಲೆಯೊಳಗೆ ಅಥವಾ ಶಾಲಾ ಸಂಕುಲದಲ್ಲಿ ಆಗಬೇಕು. ವಾಟ್ಸಾಪಿನ ಅಂತರರಾಷ್ಟ್ರೀಯತೆಗೆ ಇವೆರಡರಲ್ಲಿ ಯಾವುದರಲ್ಲೂ ಜಾಗವಿಲ್ಲ. ಹಣ ಕೇಳುವುದೆಲ್ಲ ಮೋಸವೆಂದು ಇದರ ಅರ್ಥವಲ್ಲ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಕಲಿಕೆ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಈ ಕ್ರಮ ನ್ಯಾಯವಾದದ್ದು. ಕೋರ್ಸನ್ನು ಯಾರು ಕಲಿಸುತ್ತಾರೆ, ಎಷ್ಟು ವಾರ, ಬರೆದ ಕೆಲಸವನ್ನು ಯಾರು ಓದುತ್ತಾರೆ ಎಂಬ ಮೂರು ಸಂಗತಿಗಳು ಜಾಹೀರಾತಿನಲ್ಲಿ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಅಲ್ಲದೆ ನೀವಿರುವುದು ಪುಣೆಯಲ್ಲಿ! ವಿಜ್ಞಾನ ಶಿಕ್ಷಕರಿಗೆ ಇಷ್ಟು ಅನುಕೂಲದ ಊರು ದೇಶದಲ್ಲಿ ಹೆಚ್ಚಿಲ್ಲ. ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಸಂಸ್ಥೆಯಾದ ಐಸರ್ ಪುಣೆಯಲ್ಲಿ ಶಿಕ್ಷಕರಿಗೆಂದೇ ಕಾರ್ಯಾಗಾರಗಳು ನಡೆಯುತ್ತವೆ. ಅರವಿಂದ ಗುಪ್ತ ಅವರು ಕೆಲಸ ಮಾಡಿದ, ಖಗೋಳ ವಿಜ್ಞಾನದ ಕೇಂದ್ರವಾದ ಅಯುಕಾದ ಮುಕ್ತಾಂಗಣ ವಿಜ್ಞಾನ ಶೋಧಿಕಾ ಅಲ್ಲಿಯೇ ಇದೆ. ಕಸದಿಂದ ಮಾಡುವ ವಿಜ್ಞಾನದ ಆಟಿಕೆಗಳ ಕುರಿತ ಅವರ ಕಿರುಚಿತ್ರಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದ ಧ್ವನಿಯಲ್ಲೂ ಇವೆ. ಕೊಲೊರಾಡೊ ವಿಶ್ವವಿದ್ಯಾಲಯವು 2002ರಿಂದ ಬೆಳೆಸುತ್ತ ಬಂದಿರುವ, ಪರದೆಯ ಮೇಲೆ ಪ್ರಯೋಗ ಮಾಡಿಸುವ ಫೆಟ್ ಸಿಮ್ಯುಲೇಶನ್‌ಗಳಲ್ಲಿಯೂ ಹಲವು ಕನ್ನಡಕ್ಕೆ ಬಂದಿವೆ. ವಿದ್ಯುತ್ ಮಂಡಲದ ಒಂದು ಸಿಮ್ಯುಲೇಶನ್ ಹಿಡಿದು, ಅದರ ಜೊತೆಗೆ ನಿಜವಾದ ಬ್ಯಾಟರಿ ಮತ್ತು ಬಲ್ಬನ್ನೂ ಇಟ್ಟು, ಎರಡರಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳು ಹೇಗೆ ಬೇರೆಯಾಗುತ್ತವೆ ಎಂದು ಬರೆದಿಟ್ಟರೆ ಮೂರು ದಿನಗಳ ಪ್ರಮಾಣಪತ್ರಕ್ಕಿಂತ ಅದೇ ನಿಮಗೆ ಹೆಚ್ಚು ಕಲಿಸೀತು.

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಇರುವುದು ಒಂದೇ ಫೋನು. ಡೊಂಬಿವಲಿಯಿಂದ ದಾದರಿಗೆ ಹೋಗುವ ಲೋಕಲ್ ಗಾಡಿಯಲ್ಲಿ ವಿಡಿಯೋಗಳನ್ನು ಎರಡುಪಟ್ಟು ವೇಗದಲ್ಲಿ ಓಡಿಸಿ ಮುಗಿಸುತ್ತೇನೆ. ಹದಿನೈದು ಪ್ರಮಾಣಪತ್ರಗಳಾದವು, ಆದರೆ ಒಂದೂ ತಲೆಯಲ್ಲಿ ಉಳಿದಿಲ್ಲ. ತಪ್ಪು ನನ್ನ ವಯಸ್ಸಿನದೇ? — ಶಿಕ್ಷಕಿ, ಡೊಂಬಿವಲಿ

ಉತ್ತರ: ವಯಸ್ಸಿನದಲ್ಲ, ವೇಗದ್ದು. ಇದನ್ನು ಮುಚ್ಚಿಡದೆ ಬರೆದಿದ್ದೀರಿ. ಬಹಳ ಜನ ಮಾಡುವುದೂ ಇದನ್ನೇ. ಮಹಾರಾಷ್ಟ್ರದಲ್ಲಿ ಹನ್ನೆರಡು ವರ್ಷಗಳ ಸೇವೆಗೆ ವರಿಷ್ಠ ವೇತನಶ್ರೇಣಿ, ಇಪ್ಪತ್ತನಾಲ್ಕು ವರ್ಷಗಳಿಗೆ ನಿವಡ (ಆಯ್ಕೆ) ಶ್ರೇಣಿ ಸಿಗಬೇಕಾದರೆ ತರಬೇತಿಯ ಪ್ರಮಾಣಪತ್ರ ಬೇಕು. 2022ರಲ್ಲಿ ಆ ತರಬೇತಿಯೂ ಆನ್‌ಲೈನಿಗೆ ಬಂದಿತ್ತು. ಸಂಬಳಕ್ಕೆ ಗಂಟುಹಾಕಿದ ಕೋರ್ಸನ್ನು ಜನ ಓಡಿಸಿ ಮುಗಿಸುವುದು ಸಹಜ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಪ್ರಮಾಣಪತ್ರಕ್ಕಾಗಿ ಮುಗಿಸುವವನ್ನು ಮುಗಿಸಿ, ವರ್ಷಕ್ಕೆ ಒಂದನ್ನಾದರೂ ನಿಧಾನವಾಗಿ ಮಾಡಿ.

ನಿಧಾನವೆಂದರೆ ಹೀಗೆ. ಗಾಡಿಯಲ್ಲಿ ಪರದೆ ನೋಡುವುದನ್ನು ಬಿಟ್ಟು ಕಿವಿಯಿಂದ ಮಾತ್ರ ಕೇಳಿ. ಕುರ್ಲಾ ದಾಟಿದ ಮೇಲಿನ ನೂಕುನುಗ್ಗಲಿನಲ್ಲಿ ಅದನ್ನೂ ನಿಲ್ಲಿಸಿ. ಶಾಲೆಗೆ ಬಂದು ಹಾಜರಿ ಪುಸ್ತಕ ತೆರೆಯುವ ಮೊದಲು, ಕೇಳಿದ್ದರಲ್ಲಿ ನೆನಪಿಗೆ ಬಂದಷ್ಟನ್ನು, ವಿಡಿಯೋ ಮತ್ತೆ ನೋಡದೆ, ನಾಲ್ಕು ಸಾಲು ಬರೆಯಿರಿ. ಮರೆತದ್ದನ್ನು ಜ್ಞಾಪಿಸಿಕೊಳ್ಳಲು ಪಡುವ ಪ್ರಯಾಸವೇ ನೆನಪನ್ನು ಗಟ್ಟಿಮಾಡುತ್ತದೆ. ಮಕ್ಕಳಿಗೆ ನಾವು ಬಾಯಿಪಾಠ ಒಪ್ಪಿಸಲು ಹೇಳುವುದರ ಒಳಗುಟ್ಟೂ ಇದೇ. ಆ ನಾಲ್ಕು ಸಾಲಿನಲ್ಲಿ ಒಂದನ್ನು ಅದೇ ವಾರ ತರಗತಿಯಲ್ಲಿ ಮಾಡಿ ನೋಡಿ. ಉದಾಹರಣೆಗೆ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಮೂರು-ನಾಲ್ಕು ಸೆಕೆಂಡು ಸುಮ್ಮನೆ ಕಾಯುವ ವಿಧಾನವನ್ನು ಹಲವು ಕೋರ್ಸುಗಳು ಹೇಳುತ್ತವೆ. ಕೇಳಲು ಇದು ಏನೂ ಅಲ್ಲ ಎನಿಸುತ್ತದೆ. ನಾನೇ ಮಾಡಲು ಹೋದಾಗ ಎರಡನೆಯ ಸೆಕೆಂಡಿಗೆ ಬಾಯಿ ತಡೆಯದೆ ಉತ್ತರವನ್ನು ನಾನೇ ಹೇಳಿಬಿಟ್ಟಿದ್ದೆ. ಹಿಂದಿನ ಬೆಂಚಿನ ಮಕ್ಕಳು ಬಾಯಿ ಬಿಡತೊಡಗಲು ಮೂರು ವಾರ ಹಿಡಿಯಿತು.

ಫೋನು ಒಂದೇ ಇರುವುದು ಅಡ್ಡಿಯಲ್ಲ. ಆದರೆ ಪರೀಕ್ಷೆಯ ಭಾಗವನ್ನು ಗಾಡಿಯಲ್ಲಿ ಮಾಡಬೇಡಿ. ಸಿಗ್ನಲ್ ಹೋದರೆ ಒಂದು ಅವಕಾಶ ನಷ್ಟವಾದೀತು.

ಪ್ರಶ್ನೆ: ಡಿಎಡ್ ಮುಗಿಸಿ ಖಾಸಗಿ ಶಾಲೆಯಲ್ಲಿದ್ದೇನೆ. ಬಿಎಡ್ ಪದವಿಯನ್ನು ಪೂರ್ತಿ ಆನ್‌ಲೈನಿನಲ್ಲಿ ಪಡೆಯಬಹುದೇ? ನಿಷ್ಠಾ ಪ್ರಮಾಣಪತ್ರಗಳು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಬದಲಾಗುತ್ತವೆಯೇ? — ಶಿಕ್ಷಕಿ, ವಾಸ್ಕೊ, ಗೋವೆ

ಉತ್ತರ: ಎರಡಕ್ಕೂ ಇಲ್ಲ. ಪೂರ್ತಿ ಆನ್‌ಲೈನ್ ಬಿಎಡ್ ಎಂದು ಯಾರಾದರೂ ಹೇಳಿದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆಯನ್ನು ಕೇಳಿ. ಮಾತು ಅಲ್ಲಿಗೆ ನಿಲ್ಲುತ್ತದೆ. ನಿಮ್ಮಂತೆ ತರಬೇತಿ ಪಡೆದು ಕೆಲಸದಲ್ಲಿರುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎರಡು ವರ್ಷಗಳ ದೂರ ಶಿಕ್ಷಣ ಬಿಎಡ್ ಇದೆ. ಅದಕ್ಕೆ ಪ್ರವೇಶ ಪರೀಕ್ಷೆಯಿದೆ, ಮುಖಾಮುಖಿ ಕಾರ್ಯಾಗಾರಗಳೂ ಶಾಲಾ ಇಂಟರ್ನ್‌ಶಿಪ್ಪೂ ಇವೆ. ರಜೆಯನ್ನು ಈಗಲೇ ಲೆಕ್ಕಹಾಕಿಡಿ.

ಟಿಇಟಿ ಒಂದು ಅರ್ಹತೆ, ನಿಷ್ಠಾ ಒಂದು ತರಬೇತಿ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಭಾಷಾ ಅಲ್ಪಸಂಖ್ಯಾತ ಸ್ಥಾನಮಾನವುಳ್ಳ ಕನ್ನಡ ಶಾಲೆಗಳವರು ಈ ಎರಡನೆಯ ಭಾಗವನ್ನು ಗಮನದಲ್ಲಿಡಬೇಕು. ಆದರೂ ಪರೀಕ್ಷೆ ಬರೆದಿಡುವುದರಲ್ಲಿ ನಷ್ಟವಿಲ್ಲ. ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆಯಿದೆ, ಕೇಂದ್ರದ ಸಿಟಿಇಟಿಯಲ್ಲಿ ಭಾಷಾ ವಿಷಯವಾಗಿ ಕನ್ನಡವನ್ನೂ ಆಯ್ದುಕೊಳ್ಳಬಹುದು.

ಪ್ರಶ್ನೆ: ನಮ್ಮದು ಏಳು ಶಿಕ್ಷಕರ ಸಣ್ಣ ಕನ್ನಡ ಶಾಲೆ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಕೋರ್ಸು ಮಾಡುತ್ತಾರೆ, ಶಾಲೆಯಲ್ಲಿ ಏನೂ ಬದಲಾಗುವುದಿಲ್ಲ. ಮುಖ್ಯೋಪಾಧ್ಯಾಯನಾಗಿ ನಾನೇನು ಮಾಡಲಿ? — ಪುಣೆ

ಉತ್ತರ: ಏಳು ಜನರಿಗೆ ಏಳು ಕೋರ್ಸು ಬೇಡ. ಮೂರು ತಿಂಗಳಿಗೆ ಒಂದೇ ಕೋರ್ಸನ್ನು ಎಲ್ಲರೂ ಹಿಡಿಯಲಿ, ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ನಲವತ್ತು ನಿಮಿಷ ಕೂತು ಮಾತನಾಡಲಿ. 2016ರಲ್ಲಿ ಬ್ರಿಟಿಷ್ ಕೌನ್ಸಿಲ್, ಟಾಟಾ ಟ್ರಸ್ಟ್ಸ್ ಮತ್ತು ಮಹಾರಾಷ್ಟ್ರ ಸರ್ಕಾರ ಸೇರಿ ಆರಂಭಿಸಿದ ತೇಜಸ್ ಯೋಜನೆಯಲ್ಲಿ ಅಕ್ಕಪಕ್ಕದ ಶಾಲೆಗಳ ಇಂಗ್ಲಿಷ್ ಶಿಕ್ಷಕರು ಹೀಗೆಯೇ ಸಣ್ಣ ಗುಂಪುಗಳಲ್ಲಿ ಸೇರುತ್ತಿದ್ದರು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಮೆರಿಕದ ಎಂಐಟಿ ಮತ್ತು ಟಾಟಾ ಟ್ರಸ್ಟ್ಸ್ ಕೂಡಿ ನಡೆಸಿದ, 2017ರಲ್ಲಿ ಯುನೆಸ್ಕೊ ಪ್ರಶಸ್ತಿ ಪಡೆದ ಕ್ಲಿಕ್ಸ್ ಯೋಜನೆಯಲ್ಲೂ ಮಕ್ಕಳಿಗೆ ಕಂಪ್ಯೂಟರ್ ಪಾಠ ಕೊಟ್ಟು ಕೈತೊಳೆದುಕೊಳ್ಳದೆ ಶಿಕ್ಷಕರ ಕಲಿಕೆಗೂ ಒತ್ತು ಕೊಟ್ಟಿದ್ದರು. ಕೇಂದ್ರ ಪ್ರಮುಖರ ವ್ಯಾಪ್ತಿಯ ಶಾಲೆಗಳೆಲ್ಲ ಸೇರುವ ಶಿಕ್ಷಣ ಪರಿಷದ್ ಸಭೆಯಲ್ಲಿ ಮರಾಠಿ ಶಾಲೆಗಳ ನಡುವೆ ನಿಮ್ಮವರು ಮೂಲೆಯಲ್ಲಿ ಕೂರುವುದನ್ನು ನಾನು ಬಲ್ಲೆ. ಮುಂಬಯಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳವರೊಡನೆ ತಿಂಗಳಿಗೊಮ್ಮೆ ಒಂದು ವಿಡಿಯೋ ಭೇಟಿ ಇಟ್ಟುಕೊಂಡರೆ ಒತ್ತಕ್ಷರದ ಕಷ್ಟವನ್ನು ಕನ್ನಡದಲ್ಲೇ ಚರ್ಚಿಸಲು ಜನ ಸಿಗುತ್ತಾರೆ.

ಶನಿವಾರದ ಮಾತಿನಲ್ಲಿ ‘ಏನು ಕಲಿತಿರಿ’ ಎಂದು ಕೇಳಬೇಡಿ, ಎಲ್ಲರೂ ಕೋರ್ಸಿನ ಶೀರ್ಷಿಕೆಯನ್ನೇ ಒಪ್ಪಿಸುತ್ತಾರೆ. ‘ಈ ವಾರ ಏನು ಮಾಡಿ ನೋಡಿದಿರಿ, ಎಲ್ಲಿ ಕೆಟ್ಟಿತು’ ಎಂದು ಕೇಳಿ. ಮೊದಲ ಶನಿವಾರ ಕೆಟ್ಟ ಪಾಠದ ಕತೆಯನ್ನು ನೀವೇ ಹೇಳಿ. ವರ್ಷಕ್ಕೆ 50 ಗಂಟೆಗಳ ಆ ನಿರೀಕ್ಷೆಯನ್ನು ಶಿಕ್ಷಣ ನೀತಿಯು ಮುಖ್ಯೋಪಾಧ್ಯಾಯರ ಮೇಲೂ ಇಟ್ಟಿದೆ.