ಹಳೆಯ ಗ್ಲೈಡರ್ (ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ) ಯಾರ ಯಾರ ಕೈ ದಾಟಿ ಬಂದಿದೆ ಅಂತ ತಿಳಿಯುವುದು ಹೇಗೆ?

ಹೊರಗೆ ಬರೆದಿರುವ ನೋಂದಣಿ ಅಕ್ಷರಗಳನ್ನಲ್ಲ, ತಯಾರಕರು ಕೊಟ್ಟ ಸರಣಿ ಸಂಖ್ಯೆಯನ್ನು ಹಿಡಿದು ಹುಡುಕಿ. ನೋಂದಣಿ ಕೊಡುವುದು ಆಯಾ ದೇಶ. ಗ್ಲೈಡರ್ ಬೇರೆ ದೇಶಕ್ಕೆ ಮಾರಾಟವಾದರೆ ಹಳೆಯ ಅಕ್ಷರ ಹೋಗಿ ಹೊಸದು ಬರುತ್ತದೆ. ಸರಣಿ ಸಂಖ್ಯೆ ಮಾತ್ರ ಹುಟ್ಟುಮಚ್ಚೆ ಇದ್ದ ಹಾಗೆ. ಸಾಮಾನ್ಯವಾಗಿ ಕಾಕ್‌ಪಿಟ್‌ನ ಸಣ್ಣ ಲೋಹದ ಫಲಕದಲ್ಲಿ ಇರುತ್ತದೆ.

ಜರ್ಮನಿಯ ಹಳೆಯ ಗ್ಲೈಡರ್‌ಗಳ ಕಥೆಯನ್ನೇ ನೋಡಿ. 1945ರಲ್ಲಿ ಯುದ್ಧ ಸೋತ ಮೇಲೆ 1951ರವರೆಗೆ ಅಲ್ಲಿ ಗ್ಲೈಡಿಂಗ್ ನಿಷೇಧವಾಗಿತ್ತು. ಗೆದ್ದ ದೇಶಗಳ ಸೇನೆಗಳು ಎಷ್ಟೋ ಗ್ಲೈಡರ್‌ಗಳನ್ನು ವಶಪಡಿಸಿಕೊಂಡವು. ಬ್ರಿಟನ್ ಸೇರಿದ ಕೆಲವಕ್ಕೆ ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ ತನ್ನದೇ ಸಂಖ್ಯೆ ಕೊಟ್ಟಿತು. 2000ದ ದಶಕದ ಕೊನೆಗೆ ಅಲ್ಲಿನ ಗ್ಲೈಡರ್‌ಗಳು ಬ್ರಿಟನ್ ವಿಮಾನಗಳ 'ಜಿ' ಅಕ್ಷರದ ನೋಂದಣಿಗೆ ಬಂದವು. ಗ್ಲೈಡರ್ ಒಂದೇ, ಗುರುತು ಮೂರು: ಜರ್ಮನಿಯದು, ಅಸೋಸಿಯೇಷನ್ನಿನದು, 'ಜಿ'ಯದು! ಗೊಂದಲ ಆಗದೆ ಇರುತ್ತಾ?

ಮಾಲೀಕರ ಹೆಸರಿಗೆ ಹಳೆಯ ನೋಂದಣಿ ದಾಖಲೆ ನೋಡಿ. ಆದರೆ ಅದರಲ್ಲಿ ಒಬ್ಬರ ಹೆಸರಿದೆ ಅಂತ ಸುಮ್ನೆ ನಂಬಬೇಡಿ. ನಾಲ್ಕೈದು ಜನ ಸೇರಿ ಒಂದು ಗ್ಲೈಡರ್ ಕೊಳ್ಳುವುದು ಈ ಹವ್ಯಾಸದಲ್ಲಿ ಮಾಮೂಲು. ನನ್ನ ಮಟ್ಟಿಗೆ ಲಾಗ್‌ಬುಕ್ಕೇ ಜಾಸ್ತಿ ಕೆಲಸಕ್ಕೆ ಬರುವುದು: ಹಾರಾಟ, ರಿಪೇರಿ, ತಪಾಸಣೆಯ ಸಹಿ ಎಲ್ಲ ತಾರೀಖಿನ ಸಮೇತ ಅಲ್ಲಿರುತ್ತದೆ.