ವಿಮಾನ ಕಂಪನಿ ಬಾಗಿಲು ಹಾಕಿದರೆ ಅದರ ವಿಮಾನಗಳು ಏನಾಗುತ್ತವೆ?

ಹೆಚ್ಚಿನವು ಕಂಪನಿಯ ಸ್ವಂತದ್ದಲ್ಲ, ಬಾಡಿಗೆಯವು. ಹಾಗಾಗಿ ಮಾಲೀಕರು ವಾಪಸ್ ಕೇಳುತ್ತಾರೆ. ಆದರೆ ಕೇಳಿದ ಕೂಡಲೇ ಸಿಗುವುದಿಲ್ಲ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿ ದಿವಾಳಿ ಅರ್ಜಿ ಹಾಕಿತು. ಆಸ್ತಿಯನ್ನು ಯಾರೂ ಮುಟ್ಟುವಂತಿಲ್ಲ ಎಂಬ ತಡೆಯೂ ಬಿತ್ತು. ಮಾಲೀಕರು ಒಯ್ಯಲು ಸಾಧ್ಯವಾಗುವಂತೆ ಅದರ 54 ವಿಮಾನಗಳ ನೋಂದಣಿ ರದ್ದು ಮಾಡಿ ಎಂದು ದೆಹಲಿ ಹೈಕೋರ್ಟ್ ಹೇಳುವಷ್ಟರಲ್ಲಿ 2024ರ ಏಪ್ರಿಲ್ ಬಂದಿತ್ತು. ಅಷ್ಟು ದಿನವೂ ನಿಲುಗಡೆ ಬಾಡಿಗೆ ಏರುತ್ತಲೇ ಇರುತ್ತದೆ.

ನಿಂತ ವಿಮಾನದ ಪಾಡು ನಮ್ಮ ಕಾರವಾರದವರಿಗೆ ಬೇಗ ಅರ್ಥವಾದೀತು. ಬೈತಖೋಲದಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಬೋಟು ಸುಮ್ಮನೆ ನಿಂತರೂ ಆರೈಕೆ ತಪ್ಪದಲ್ಲ, ಹಾಗೇ ಇದು. ಎಂಜಿನ್ ಬಾಯಿಗೆ ಮುಚ್ಚಿಗೆ ಬೇಕು, ಒಳಗೆ ತೇವ ಹೀರುವ ಚೀಲ ಬೇಕು. ವೇಗ ಅಳೆಯುವ ಸಣ್ಣ ಕೊಳವೆಯನ್ನು ಮುಚ್ಚದಿದ್ದರೆ ಕಣಜ ಗೂಡು ಕಟ್ಟುತ್ತದೆ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗದಂತೆ ಆಗಾಗ ಚಕ್ರ ತಿರುಗಿಸಬೇಕು. ಕಡಲ ಉಪ್ಪುಗಾಳಿಯ ಊರಾದರೆ ತುಕ್ಕಿನ ಕಾಟ ಬೇರೆ. ಇದನ್ನೆಲ್ಲ ಮಾಡುವ ಸಿಬ್ಬಂದಿಗೇ ಸಂಬಳವಿಲ್ಲದಿದ್ದರೆ? ನನ್ನ ಪ್ರಕಾರ ಅಸಲಿ ನಷ್ಟ ಶುರುವಾಗುವುದೇ ಅಲ್ಲಿ.

ಚೆನ್ನಾಗಿದ್ದದ್ದು ಬೇರೆ ಕಂಪನಿಗೆ ಹೋಗುತ್ತದೆ. ಹಳೆಯದು ಬಿಡಿಭಾಗವಾಗುತ್ತದೆ, ಅದರಲ್ಲಿ ಎಂಜಿನ್‌ಗೇ ಹೆಚ್ಚು ಬೆಲೆ.

ಅಂದಹಾಗೆ, ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಟುಪೊಲೆವ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ನಿವೃತ್ತಿಯಾದ ನೌಕಾಪಡೆ ವಿಮಾನ, ಬಿಚ್ಚಿ ಲಾರಿ ಮೇಲೆ ತಂದು ಇಲ್ಲಿ ಜೋಡಿಸಿದ್ದು.